ಗೂಡಿನ ದಾರಿ ಕೇಳಿದವರಿಗೆ

ಕಳೆದ ತಿಂಗಳು ಸಂಘದ ವಾಚನಾಲಯದಲ್ಲಿ ಹಿರಿಯ ಸದಸ್ಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ರವಿವಾರ ಬೆಳಗಾಗುವ ಮೊದಲೇ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಡುತ್ತೀರಂತೆ. ಹಕ್ಕಿ ನೋಡುವುದರಿಂದ ಯಾರಿಗೇನು ಲಾಭ?" ನಾವು ನಕ್ಕು, "ಲಾಭವಿಲ್ಲದಿದ್ದರೂ ನಷ್ಟವಂತೂ ಯಾರಿಗೂ ಇಲ್ಲ, ರಾಯರೇ" ಎಂದೆವು. ಅವರು ತಲೆಯಾಡಿಸಿ ಪತ್ರಿಕೆಗೆ ಮರಳಿದರು. ಮನೆಗೆ ಬರುವಾಗ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಯೋಚಿಸಿದರೆ, ಕೊಟ್ಟ ಉತ್ತರ ಸುಳ್ಳೆಂದು ಮನಸ್ಸು ಚುಚ್ಚತೊಡಗಿತು. ನಷ್ಟವಿಲ್ಲ ಎಂದು ಹೇಳುವ ಅಧಿಕಾರ ಬೇರೆಯವರಿಗೆ ಇದ್ದೀತು, ನಮಗಿಲ್ಲ. ಯಾಕೆಂಬುದನ್ನು ಬರೆಯೋಣವೆಂದು ಕುಳಿತಿದ್ದೇವೆ.

ನಾವು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವರು. ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಜಿರಲೆ ಕೊಯ್ದು ಪೆನ್ಸಿಲಿನಿಂದ ಚಿತ್ರ ಬರೆದದ್ದಷ್ಟೇ ನಮಗೂ ಜೀವಲೋಕಕ್ಕೂ ಇದ್ದ ನಂಟು. ಪರೀಕ್ಷೆ ಪಾಸಾಗಿ ಮುಂಬಯಿಯ ಕೇಂದ್ರ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಕುಳಿತ ಮೇಲೆ ಅದೂ ಹರಿದುಹೋಯಿತು. ಹನ್ನೆರಡು ವರ್ಷ ಫೈಲು, ನೋಟು, ಡ್ರಾಫ್ಟು. ಸಂಜೆ ಡೊಂಬಿವಲಿಯ ಗಾಡಿ. ರವಿವಾರ ಸಂಘದಲ್ಲಿ ಕಾರ್ಯಕ್ರಮವಿದ್ದರೆ ಸರಿ, ಇಲ್ಲದಿದ್ದರೆ ಮಧ್ಯಾಹ್ನದ ನಿದ್ರೆ. 2015ರ ಚಳಿಗಾಲದಲ್ಲಿ ನಮ್ಮ ಕಟ್ಟಡದ ಎರಡನೆಯ ಮಾಳಿಗೆಯ ಮರಾಠಿ ಮಾಸ್ತರರು, "ಬನ್ನಿ, ಒಮ್ಮೆ ಶಿವಡಿಗೆ ಹೋಗೋಣ" ಎಂದು ಎಬ್ಬಿಸಿಕೊಂಡು ಹೋದರು. ಹಾರ್ಬರ್ ಲೈನಿನ ಶಿವಡಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಹಳೆಯ ಜೆಟ್ಟಿ. ಮುಂದೆ ಕೆಸರು, ಅದರಾಚೆ ಖಾಡಿ. ಆ ಕೆಸರಿನಲ್ಲಿ, ಎಣ್ಣೆಯ ಟಾಂಕಿಗಳಿಗೂ ತುಕ್ಕು ಹಿಡಿದ ದೋಣಿಗಳಿಗೂ ನಡುವೆ, ಸಾವಿರಗಟ್ಟಲೆ ರಾಜಹಂಸಗಳು ನಿಂತಿದ್ದವು. ತಲೆ ಕೆಳಗೆ ಮಾಡಿ, ಕೊಕ್ಕನ್ನು ಮಗುಚಿ, ನೀರು ಸೋಸಿ ಪಾಚಿ ತಿನ್ನುತ್ತಿದ್ದವು. ಉಬ್ಬರ ಏರಿದಂತೆಲ್ಲ ಸಾಲುಸಾಲಾಗಿ ನಮ್ಮ ಕಡೆಗೇ ಸರಿದು ಬಂದವು. ಹನ್ನೆರಡು ವರ್ಷ ಈ ಊರಿನಲ್ಲಿದ್ದು ಇದನ್ನು ಕಾಣದೆ ಹೇಗಿದ್ದೆವೋ! ವಲಸೆ ಬಂದ ನಮಗೂ ವಲಸೆ ಬಂದ ಅವಕ್ಕೂ ಇರುವ ಹೋಲಿಕೆಯನ್ನು ಸಂಘದ ಪ್ರತಿ ವಾರ್ಷಿಕೋತ್ಸವದ ಭಾಷಣದಲ್ಲೂ ಓದುಗರು ಕೇಳಿರುತ್ತೀರಿ, ಆದ್ದರಿಂದ ಅದನ್ನು ಬಿಡೋಣ.

ಹಕ್ಕಿಗಳಿಗಿಂತ ನಮ್ಮನ್ನು ಅಲ್ಲಿ ಕಟ್ಟಿಹಾಕಿದ್ದು ಆ ಗುಂಪು. ಹದಿನೈದಿಪ್ಪತ್ತು ಜನ. ಬ್ಯಾಂಕಿನವರು, ರೈಲ್ವೆಯವರು, ಒಬ್ಬ ದಂತವೈದ್ಯೆ, ಕಾಲೇಜು ಹುಡುಗರು, ಒಬ್ಬ ಟೆಂಪೋ ಚಾಲಕ. ಯಾರಿಗೂ ಯಾರ ಹುದ್ದೆಯ ಗೊಡವೆ ಇಲ್ಲ. ನಮ್ಮ ಕಚೇರಿಯಲ್ಲಿ ಕುರ್ಚಿಯ ಬೆನ್ನು ಎಷ್ಟು ಎತ್ತರ ಎಂಬುದರ ಮೇಲೆ ಮನುಷ್ಯನ ಬೆಲೆ ಗೊತ್ತಾಗುತ್ತದೆ, ಇಲ್ಲಿ ಐವತ್ತರ ಬ್ಯಾಂಕ್ ಮ್ಯಾನೇಜರು ಹದಿನೆಂಟರ ಹುಡುಗನನ್ನು "ಅದು ಗದ್ದೆಗೊರವವೋ ಅಲ್ಲವೋ?" ಎಂದು ಕೇಳುವನು, ಹುಡುಗ ತಿದ್ದುವನು, ಮ್ಯಾನೇಜರು ವಿನಯದಿಂದ ಬರೆದುಕೊಳ್ಳುವನು. ಒಂದೇ ದುರ್ಬೀನು ಹತ್ತು ಕೈ ದಾಟುವುದು, ಒಂದೇ ಡಬ್ಬಿಯ ಅವಲಕ್ಕಿ ಎಲ್ಲರಿಗೂ. ಭೇಟಿಯಾದ ಕೂಡಲೇ ಕುಶಲಪ್ರಶ್ನೆ ಇಲ್ಲ, "ಕಾಯ್ ದಿಸ್ಲಂ?" ಏನು ಕಂಡಿತು, ಇಷ್ಟೇ. ಕಂಡದ್ದನ್ನು ಎಲ್ಲಿ, ಯಾವ ಮರದಲ್ಲಿ, ಎಷ್ಟು ಹೊತ್ತಿಗೆ ಎಂದು ಹೇಳುವುದು ಅಲ್ಲಿಯ ಮರ್ಯಾದೆ. ಬಚ್ಚಿಡುವವನು ಜಿಪುಣ. ಹಂಚಿಕೊಂಡಷ್ಟೂ ಹೆಚ್ಚುವ ಆಸ್ತಿ ಜಗತ್ತಿನಲ್ಲಿ ವಿದ್ಯೆಯೊಂದೇ ಎಂದು ಚಿಕ್ಕಂದಿನಲ್ಲಿ ಕಲಿತ ನಮಗೆ, ಇದೂ ಆ ಜಾತಿಯದೇ ಎಂದು ತೋರಿತು.

ಗುಂಪಿನಲ್ಲಿ ಒಬ್ಬರು ಮಾತ್ರ ಬೇರೆ. ಕಾರವಾರದ ಕಡೆಯವರು, ಬಂದರಿನ ಕೆಲಸದಿಂದ ನಿವೃತ್ತರಾದವರು, ಎಲ್ಲರಿಗೂ ಕಾಕಾ. ಅವರ ಬಳಿ ಕ್ಯಾಮರಾ ಇಲ್ಲ. ಎಡಗಣ್ಣಿನ ಗಾಜು ಬಿರುಕುಬಿಟ್ಟ ದುರ್ಬೀನು, ಒಂದು ಜೋಲುಚೀಲ, ಒಂದು ಛತ್ರಿ. ಕನ್ನಡ ಮಾತಾಡುವ ಹೊಸಬ ಸಿಕ್ಕನೆಂದೋ ಏನೋ ನಮ್ಮ ಮೇಲೆ ಅವರಿಗೆ ಪ್ರೀತಿ ಬಿತ್ತು. ಏನಾದರೂ ಕೇಳಿದರೆ ಎಲ್ಲರಿಗೂ ಹೇಳುವರು. ಕೆಲವೊಮ್ಮೆ ಮಾತ್ರ ಮುಖ ನೋಡಿ, "ಗೊತ್ತುಂಟು, ಹೇಳೂದಿಲ್ಲ" ಎನ್ನುವರು. ಅದರಿಂದ ಕೆಲವರಿಗೆ ಅವರ ಮೇಲೆ ಮುನಿಸೂ ಇತ್ತು.

2016ರ ಜುಲೈ ತಿಂಗಳಲ್ಲಿ ಕಾಕಾ ನಮ್ಮೊಬ್ಬರನ್ನೇ ಸಹ್ಯಾದ್ರಿಯ ಬುಡದ ಒಂದು ಹಳ್ಳದ ಬಳಿಗೆ ಕರೆದುಕೊಂಡು ಹೋದರು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಸ್.ಟಿ. ಬಸ್ಸಿನಿಂದ ಇಳಿದು, ಸುರಿಯುವ ಮಳೆಯಲ್ಲಿ ಮುಕ್ಕಾಲು ತಾಸು ನಡೆದು, ಹಳ್ಳದ ಈಚೆ ದಂಡೆಯ ಪೊದೆಯೊಂದರ ಹಿಂದೆ ಕುಳಿತೆವು. ಆಚೆ ದಂಡೆಯ ಮಣ್ಣಿನಲ್ಲಿ, ಜರಿಗಿಡದ ಎಲೆಗಳ ಮರೆಯಲ್ಲಿ, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ತೂತು. ಅರ್ಧ ತಾಸು ಏನೂ ಇಲ್ಲ, ಇಂಬಳ ಮಾತ್ರ. ಆಮೇಲೆ ಸಿಳ್ಳಿನಂಥ ಒಂದು ಸಣ್ಣ ದನಿ, ಅದರ ಹಿಂದೆಯೇ ಒಂದು ಬಣ್ಣದ ಗೆರೆ. ಕೊಂಬೆಯ ಮೇಲೆ ಬಂದು ಕೂತದ್ದು ಮೂರೇ ಬೆರಳಿನ ಪುಟ್ಟ ಮಿಂಚುಳ್ಳಿ. ನಮ್ಮ ಹಿಡಿಯಲ್ಲಿ ಅಡಗುವಷ್ಟು ಹಕ್ಕಿ; ಹವಳದ ಕೊಕ್ಕು, ಹಳದಿ ಹೊಟ್ಟೆ, ನೇರಿಳೆ ಕಲಸಿದ ಕಿತ್ತಳೆಯ ತಲೆ, ನೀಲಿಗಪ್ಪು ರೆಕ್ಕೆ. ಮಳೆಗಾಲದ ಜೊತೆಗೇ ಕೊಂಕಣಕ್ಕೆ ಬರುವ ಇದು ಮಣ್ಣಿನ ದಂಡೆಯಲ್ಲಿ ಸುರಂಗ ಕೊರೆಯುತ್ತದೆ. ಗಂಡೂ ಹೆಣ್ಣೂ ಸೇರಿ ಕೊರೆಯುತ್ತವೆ. ಮೊಟ್ಟೆ ಒಡೆಯಲು ಎರಡೂವರೆ ವಾರದ ಆಸುಪಾಸು, ಮರಿ ಹಾರಲು ಇನ್ನೂ ಸುಮಾರು ಇಪ್ಪತ್ತು ದಿನ. ಅಷ್ಟು ದಿನವೂ ಆ ಕತ್ತಲೆಯೊಳಗೆ ಏಡಿಮರಿ, ಕಪ್ಪೆ, ಹಾವುರಾಣಿ, ಜೇಡಗಳನ್ನು ಹೊತ್ತು ಹಾಕಬೇಕು. ನಾವು ಕಂಡಾಗ ಅದರ ಕೊಕ್ಕಿನಲ್ಲಿ ಒಂದು ಹಾವುರಾಣಿ ಇತ್ತು. ಅದನ್ನು ಕೊಂಬೆಗೆ ಎರಡು ಸಲ ಬಡಿದು, ನೇರ ತೂತಿನೊಳಕ್ಕೆ ಹಾರಿ ಮಾಯವಾಯಿತು. ಎರಡನೆಯ ಸಲ ಬಂದು ಹೋದದ್ದೇ ಕಾಕಾ ಮೊಣಕಾಲು ಹಿಡಿದು ಎದ್ದರು. "ಸಾಕಪ್ಪಾ, ಏಳು. ಅದಕ್ಕೆ ಕೆಲಸ ಉಂಟು." ಬಸ್ಸಿನಲ್ಲಿ ಅವರು ಇದನ್ನು ಯಾರಿಗೂ ಹೇಳಬೇಡ ಎನ್ನಲಿಲ್ಲ. ಹೇಳುವ ಅಗತ್ಯವಿದೆಯೆಂದು ಅವರಿಗೆ ಅನ್ನಿಸಿರಲಾರದು.

ಲೇಖನದಲ್ಲಿ 'ನಾವು' ಎಂದು ಬರೆಯುವುದರಲ್ಲಿ ಒಂದು ಸೌಕರ್ಯವಿದೆ: ತಪ್ಪು ನಾಲ್ಕು ಜನರಲ್ಲಿ ಹಂಚಿಹೋದಂತೆ ಕಾಣುತ್ತದೆ. ಮುಂದಿನ ಮಾತಿಗೆ ಆ ಸೌಕರ್ಯವನ್ನು ದಯವಿಟ್ಟು ಕೊಡಬೇಡಿ. ಸೋಮವಾರ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಪಕ್ಕದ ಸೆಕ್ಷನ್ನಿನ ಗೆಳೆಯರೊಬ್ಬರಿಗೆ, ಆಗಷ್ಟೇ ಸಾಲಮಾಡಿ ದೊಡ್ಡ ಕ್ಯಾಮರಾ ಕೊಂಡವರಿಗೆ, ನಾವು ಎಲ್ಲವನ್ನೂ ಹೇಳಿದೆವು. ಬಸ್ಸು ಯಾವುದು, ಎಲ್ಲಿ ಇಳಿಯುವುದು, ಹಳ್ಳದ ಯಾವ ತಿರುವು. ದುಡ್ಡಿಗಲ್ಲ, ದುರುದ್ದೇಶದಿಂದಲ್ಲ, ಪೂರ್ತಿ ಸ್ನೇಹದಿಂದ. ಸ್ವಲ್ಪ ಜಂಬವೂ ಇತ್ತು. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲವೆಂಬ ಜಂಬ, ಅದನ್ನು ಹೇಳಿದ ಕ್ಷಣಕ್ಕೇ ಮುಗಿದುಹೋಗುವಂಥದು.

ಎರಡು ವಾರ ಬಿಟ್ಟು ಕಾಕಾನ ಜೊತೆ ಮತ್ತೆ ಹೋದಾಗ ಹಳ್ಳದ ಬಳಿ ಹನ್ನೊಂದು ಜನ ಇದ್ದರು. ಟ್ರೈಪಾಡುಗಳು, ಬಣ್ಣದ ಛತ್ರಿಗಳು. ತೂತಿನ ಮುಂದಿನ ಜರಿಗಿಡವನ್ನು ಚಿತ್ರಕ್ಕೆ ಅಡ್ಡ ಬರುತ್ತದೆಂದು ಕಿತ್ತಿದ್ದರು. ಹಕ್ಕಿ ಕೂರಲೆಂದು ನೀರಿನಲ್ಲಿ ಪಾಚಿ ಹಿಡಿದ ಒಂದು ಚೆಂದದ ಕೋಲು ನೆಟ್ಟಿದ್ದರು. ಮೋಡ ಕವಿದದ್ದರಿಂದ ಫ್ಲ್ಯಾಶು. ಮಿಂಚುಳ್ಳಿ ದೂರದ ಕೊಂಬೆಯಲ್ಲಿ ಏಡಿಮರಿಯನ್ನು ಕಚ್ಚಿಕೊಂಡು ಕೂತಿತ್ತು. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು, ಕೆಳಗೆ ಬರಲಿಲ್ಲ. ನಾವು ಗಡಿಯಾರ ನೋಡಿಕೊಂಡೆವು: ನಲವತ್ತು ನಿಮಿಷ. ಬಂದವರು ಕೆಟ್ಟವರೇನಲ್ಲ, ಅದನ್ನು ಒತ್ತಿ ಹೇಳಬೇಕು. ನಮಗೆ ಫ್ಲಾಸ್ಕಿನ ಚಹಾ ಕೊಟ್ಟರು, ಬಿಸ್ಕಿಟ್ ಕೊಟ್ಟರು, ತೆಗೆದ ಚಿತ್ರಗಳನ್ನು ಪ್ರೀತಿಯಿಂದ ತೋರಿಸಿದರು. ಅವರಲ್ಲೊಬ್ಬರು ನಮ್ಮ ಕೈ ಕುಲುಕಿ, "ಸರ್, ಜಾಗ ತೋರಿಸಿದವರು ನೀವೇ ಅಂತಲ್ಲ, ಬಹಳ ಉಪಕಾರವಾಯಿತು" ಎಂದರು. ಕಾಕಾ ಪಕ್ಕದಲ್ಲೇ ನಿಂತಿದ್ದರು. ಛತ್ರಿ ಮಡಚಿ, ಮಳೆಯಲ್ಲೇ ಹಿಂದಿರುಗಿ ನಡೆದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖಮಾಡಿ ಕುಳಿತವರು ಡೊಂಬಿವಲಿ ಬರುವ ತನಕ ಒಂದೇ ಮಾತು ಆಡಿದ್ದು: "ನೀನು ಕೊಡೆ ಒಣಗಿಸಿ ಇಡು, ಕಡ್ಡಿ ತುಕ್ಕು ಹಿಡೀತದೆ."

ಮರುವಾರ ನಾವೊಬ್ಬರೇ ಹೋಗಿ ನೋಡಿದೆವು. ದಂಡೆ ಕುಸಿದು ಬಿದ್ದಿತ್ತು. ಆ ವಾರ ಮಳೆಯೂ ವಿಪರೀತ ಹೊಯ್ದಿತ್ತು. ಕುಸಿದದ್ದು ಪ್ರವಾಹದಿಂದಲೋ, ಮೇಲೆ ನಿಂತವರ ಕಾಲಿನ ಭಾರದಿಂದಲೋ, ಬೇರು ಹಿಡಿದಿದ್ದ ಜರಿಗಿಡ ಕಿತ್ತದ್ದರಿಂದಲೋ. ಮರಿಗಳು ಅಷ್ಟರಲ್ಲಿ ಹಾರಿದ್ದವೋ, ಒಳಗೇ ಉಳಿದವೋ. ತಿಳಿಯುವ ಉಪಾಯವಿಲ್ಲ. ಈ ತಿಳಿಯದಿರುವಿಕೆಯನ್ನು ನಾವು ಎಷ್ಟೋ ದಿನ ಸಮಾಧಾನಕ್ಕೆ ಬಳಸಿಕೊಂಡೆವು. ಕಚೇರಿಯಲ್ಲಿ ಕಾಗದ ಕಳೆದುಹೋದರೆ 'ಯಾರ ಮೇಜಿನಲ್ಲಿ ಕಳೆಯಿತೆಂದು ನಿರ್ಧರಿಸಲಾಗಲಿಲ್ಲ' ಎಂದು ಷರಾ ಬರೆದು ಫೈಲು ಮುಚ್ಚುವುದುಂಟು. ಆದರೆ ಯೋಚಿಸಿ ನೋಡಿ: ಆ ವಾರ ಮಳೆ ಬಾರದೆ ಮರಿಗಳು ಸುಖವಾಗಿ ಹಾರಿಹೋಗಿದ್ದರೆ ನಾವು ಮಾಡಿದ್ದು ಸರಿಯಾಗಿಬಿಡುತ್ತಿತ್ತೇ? ಕೊಕ್ಕಿನಲ್ಲಿ ಊಟ ಹಿಡಿದು ನಲವತ್ತು ನಿಮಿಷ ಕೂತ ಹಕ್ಕಿಯ ಲೆಕ್ಕ ಮಳೆಯ ಲೆಕ್ಕದೊಳಗೆ ಸೇರುವುದಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮ ಮನೆಯವರು ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆಯೇ ಕೇಳಿದರು: "ಬಾಣಂತಿ ಕೋಣೆಗೆ ಯಾರಾದರೂ ಹನ್ನೊಂದು ಜನ ಕರಕೊಂಡು ಹೋಗ್ತಾರೇನ್ರೀ?" ಇಷ್ಟು ಸಣ್ಣ ವಿಷಯ ಪದವೀಧರರಾದ ನಮಗೆ ಹೊಳೆದಿರಲಿಲ್ಲ. ಮನೆಯಲ್ಲಿ ಹೆರಿಗೆಯಾದದ್ದು ಊರಿಗೆಲ್ಲ ಗೊತ್ತಿರುತ್ತದೆ, ಅದು ಗುಟ್ಟಲ್ಲ. ಆದರೂ ಆ ಬಾಗಿಲಿನ ಮುಂದೆ ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ. ನಮ್ಮ ಹಿರಿಯರು ಮೈಲಿಗೆ ಎಂದು ಯಾವ ಹೆಸರು ಕೊಟ್ಟರೂ ಸರಿ, ಆ ಕಟ್ಟಳೆಯಿಂದ ತಾಯಿಗೂ ಕೂಸಿಗೂ ಒಂದಿಷ್ಟು ಬಿಡುವು ಸಿಗುತ್ತಿತ್ತು.

ಆಮೇಲೆ, ಗುಮಾಸ್ತರ ಸ್ವಭಾವ ನೋಡಿ, ಕಾನೂನು ತೆಗೆದು ಓದಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೆಯ ಕಲಮಿನಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆ ಇದೆ. ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಎಂದೆಲ್ಲ ಹೇಳಿದ ಮೇಲೆ, ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದೂ ಬೇಟೆಯೇ ಎಂದಿದೆ. ಅಂದರೆ ಆ ದಿನ ಹಳ್ಳದ ಬಳಿ ಫ್ಲಾಸ್ಕಿನ ಚಹಾ ಕುಡಿದ ನಾವೆಲ್ಲ ಬೇಟೆಯ ಹತ್ತಿರ ಹತ್ತಿರವೇ ಇದ್ದೆವು. ಒಬ್ಬರ ಕೈಯಲ್ಲೂ ಕೋವಿ ಇರಲಿಲ್ಲ ಅಷ್ಟೇ. ಮಾಹಿತಿ ಹಕ್ಕಿನ ಕೆಲಸ ನಮ್ಮ ಮೇಜಿಗೇ ಬರುತ್ತದಾದ್ದರಿಂದ ಇನ್ನೊಂದು ಕಾಯಿದೆಯೂ ನೆನಪಾಯಿತು. 2005ರ ಆ ಕಾಯಿದೆ ಕೇಳಿದವರಿಗೆಲ್ಲ ಮಾಹಿತಿ ಕೊಡು ಎನ್ನುತ್ತದೆ. ಆದರೆ ಎಂಟನೆಯ ಕಲಮಿನ ವಿನಾಯಿತಿಗಳಲ್ಲಿ, ಬಹಿರಂಗಪಡಿಸಿದರೆ ಯಾವುದೇ ವ್ಯಕ್ತಿಯ ಜೀವಕ್ಕೆ ಅಪಾಯವಾಗುವಂಥ ಮಾಹಿತಿಯೂ ಸೇರಿದೆ. ವ್ಯಕ್ತಿ ಎಂದಿದೆ. ಮಿಂಚುಳ್ಳಿ ವ್ಯಕ್ತಿಯಲ್ಲ. ಆದರೂ ಆ ಕಲಮನ್ನು ಬರೆದವರ ಮನಸ್ಸಿನಲ್ಲಿದ್ದ ವಿವೇಕ ಹಕ್ಕಿಗೂ ಅನ್ವಯಿಸುವಂಥದೇ: ತಿಳಿಯುವ ಹಕ್ಕು ದೊಡ್ಡದು, ಬದುಕುವ ಹಕ್ಕು ಅದಕ್ಕಿಂತ ಮೊದಲಿನದು.

ಸತ್ಯ ಹೇಳುವುದು ಧರ್ಮ ಎಂದು ಕನ್ನಡದ ಮಕ್ಕಳಿಗೆ ಮೊದಲು ಕಲಿಸುವುದು ಪುಣ್ಯಕೋಟಿಯ ಕತೆಯಿಂದ. ಆದರೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಇನ್ನೊಂದು ಕತೆ ಹೇಳುತ್ತಾನೆ, ಅದು ಅಷ್ಟು ಪ್ರಚಾರದಲ್ಲಿಲ್ಲ. ಕೌಶಿಕನೆಂಬ ತಪಸ್ವಿ, ಎಂದೂ ಸುಳ್ಳಾಡೆನೆಂದು ವ್ರತ ತೊಟ್ಟವನು. ದರೋಡೆಕೋರರಿಗೆ ಹೆದರಿದ ಕೆಲವರು ಅವನ ಆಶ್ರಮದ ಹತ್ತಿರದ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದ ದರೋಡೆಕೋರರು ಕೇಳಿದರು. ಕೌಶಿಕ ಇದ್ದದ್ದನ್ನು ಇದ್ದ ಹಾಗೆ, ಗಿಡಬಳ್ಳಿಗಳು ದಟ್ಟವಾಗಿರುವ ಆ ಕಾಡಿಗೆ ಹೋದರು ಎಂದು ಹೇಳಿದ. ಅವರೆಲ್ಲ ಕೊಲೆಯಾದರು, ಕೌಶಿಕ ನರಕಕ್ಕೆ ಹೋದ. ಪುಣ್ಯಕೋಟಿಯ ಸತ್ಯಕ್ಕೂ ಕೌಶಿಕನ ಸತ್ಯಕ್ಕೂ ವ್ಯತ್ಯಾಸ ಎಲ್ಲಿ? ಪುಣ್ಯಕೋಟಿ ತನ್ನ ಸತ್ಯದ ಬೆಲೆಯನ್ನು ತನ್ನ ಕೊರಳಿನಿಂದಲೇ ತೆರಲು ಬಂದಳು. ಕರು ಅನಾಥವಾಗುತ್ತಿರಲಿಲ್ಲವೇ ಎಂದು ನಮ್ಮ ಮಗಳು ಆಕ್ಷೇಪ ತೆಗೆದಳು, ಒಪ್ಪತಕ್ಕ ಮಾತೇ. ಆದರೂ ಕೌಶಿಕ ಏನನ್ನೂ ತೆರಲಿಲ್ಲ, ತೆತ್ತವರು ಬೇರೆಯವರು. ಬೇರೆಯವರ ಖರ್ಚಿನಲ್ಲಿ ಸತ್ಯವಂತರಾಗುವುದು ಬಹಳ ಸುಲಭ. ಬೇರೆಯವರ ಖರ್ಚಿನಲ್ಲಿ ಉದಾರಿಗಳಾಗುವುದೂ ಅಷ್ಟೇ ಸುಲಭವೆಂದು ಆ ಜುಲೈ ತಿಂಗಳಲ್ಲಿ ನಾವು ತೋರಿಸಿಕೊಟ್ಟೆವು. ಗೂಡು ನಮ್ಮದಾಗಿರಲಿಲ್ಲ, ದಾನ ಮಾತ್ರ ನಮ್ಮದಾಗಿತ್ತು.

ಹಾಗಾದರೆ ಸುಳ್ಳು ಹೇಳಬಹುದೇ? ಕೃಷ್ಣನ ಮಾತಿನಲ್ಲಿ ಒಂದು ಕ್ರಮವಿದೆ: ಸುಮ್ಮನಿದ್ದು ಪಾರಾಗುವುದಾದರೆ ಸುಮ್ಮನಿರು, ಸುಮ್ಮನಿರುವುದೇ ಅನುಮಾನಕ್ಕೆ ದಾರಿಯಾದರೆ ಆಗ ಮಾತ್ರ ಸುಳ್ಳು. ನಮ್ಮಂಥ ಗುಂಪುಗಳಿಗೆ ಆ ಎರಡನೆಯ ಅವಕಾಶವನ್ನೂ ಕೊಡಬಾರದೆನ್ನುವುದು ನಮ್ಮ ಅಭಿಪ್ರಾಯ. ಕಾರಣವುಂಟು. ಬ್ರಿಟಿಷ್ ಸೇನಾಧಿಕಾರಿ ಮೈನರ್ಟ್ಜ್‌ಹಾಗೆನ್ ಎಂಬವನು ಹೆಸರಾಂತ ಪಕ್ಷಿತಜ್ಞ. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನ ಮಾಂಡವಿಯ ಬಳಿ ತಾನೇ ಸಂಗ್ರಹಿಸಿದೆನೆಂದು ಅವನು ಚೀಟಿ ಬರೆದಿಟ್ಟಿದ್ದ. ನಿಜಕ್ಕೂ ಅದು ವಸ್ತುಸಂಗ್ರಹಾಲಯದಿಂದ ಕದ್ದು, ಚೀಟಿ ಬದಲಿಸಿದ ಹಳೆಯ ಹಕ್ಕಿ. ಆ ಚೀಟಿಯನ್ನು ನಂಬಿದವರೆಲ್ಲ ಹುಡುಕಾಟದಲ್ಲಿ ದಾರಿ ತಪ್ಪಿದರು. ಪಮೇಲಾ ರಾಸ್ಮುಸ್ಸೆನ್ ಅವರು ಈ ಮೋಸವನ್ನು ಕಂಡುಹಿಡಿದು, ಹಳೆಯ ನಿಜವಾದ ದಾಖಲೆಗಳ ಜಾಡಿನಲ್ಲಿ ಸಂಗಡಿಗರೊಡನೆ ಹುಡುಕಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾದ ಬಳಿ ಆ ಗೂಬೆ ಕಣ್ಣಿಗೆ ಬಿತ್ತು. 1884ರ ನಂತರ ಮೊದಲ ಬಾರಿಗೆ. ಸುಳ್ಳು ಚೀಟಿ ಅಂಟಿಸಿದವನೂ ಹಕ್ಕಿಪ್ರೇಮಿಯೇ. ಕಂಡದ್ದನ್ನು ಹೇಳುವಾಗ ನಿಜ ಹೇಳುತ್ತಾರೆ ಎಂಬ ನಂಬಿಕೆಯೊಂದೇ ಇಂಥ ಗುಂಪಿನ ಬಂಡವಾಳ. ಅದು ಹೋದರೆ ಉಳಿಯುವುದು ಅವಲಕ್ಕಿ ಡಬ್ಬಿ ಮಾತ್ರ.

ಇಷ್ಟು ತಿಳಿದ ಮೇಲೂ, ಆ ಕ್ಯಾಮರಾ ಗೆಳೆಯರು ಮರುವರ್ಷ "ಬೇರೆ ಗೂಡು ಗೊತ್ತುಂಟೇ?" ಎಂದಾಗ ನಮ್ಮ ಬಾಯಿಂದ ಬಂದದ್ದು "ಗೊತ್ತಿಲ್ಲ" ಎಂಬ ಮಾತು. ಗೊತ್ತಿತ್ತು. ಕಾಕಾನ "ಗೊತ್ತುಂಟು, ಹೇಳೂದಿಲ್ಲ" ಎಂಬ ಮಾತಿಗೆ ಎಷ್ಟು ಎದೆಗಾರಿಕೆ ಬೇಕೆಂದು ಆಗ ಅರ್ಥವಾಯಿತು. "ಗೊತ್ತಿಲ್ಲ" ಎಂದರೆ ಸ್ನೇಹ ಉಳಿಯುತ್ತದೆ, ಸತ್ಯ ಹೋಗುತ್ತದೆ. "ಹೇಳೂದಿಲ್ಲ" ಎಂದರೆ ಎದುರಿನವನ ಮುಖ ಸಪ್ಪಗಾಗುವುದನ್ನು ಎದುರು ನಿಂತು ನೋಡಬೇಕು.

ಗುಟ್ಟೇ ಪರಮಧರ್ಮ ಎಂದು ನಾವು ವಾದಿಸುತ್ತಿಲ್ಲ. ವಾದಿಸಿದರೆ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯ ಎದುರು ಬರುತ್ತದೆ. ಸೈಬೀರಿಯಾ ಕಡೆಯಿಂದ ದಕ್ಷಿಣ ಆಫ್ರಿಕಕ್ಕೆ ಹಾರುವ ಅಮೂರ್ ಚಾಣಗಳು ಶರತ್ಕಾಲದಲ್ಲಿ ಅಲ್ಲಿ ಇಳಿದು ತಂಗುತ್ತವೆ. 2012ರಲ್ಲಿ ಅವನ್ನು ಬಲೆಯಲ್ಲಿ ಹಿಡಿದು ಮಾಂಸಕ್ಕೆ ಮಾರುತ್ತಿದ್ದದ್ದು ಚಿತ್ರಸಹಿತ ಬಯಲಾಯಿತು. ಆ ಒಂದು ಋತುವಿನಲ್ಲೇ ಸತ್ತವು ಲಕ್ಷಕ್ಕೂ ಮೀರಿರಬಹುದೆಂದು ಅಂದಾಜು. ಬಯಲಾದದ್ದರಿಂದಲೇ ಮರುವರ್ಷ, 2013ರಲ್ಲಿ, ಪಾಂಗ್ಟಿ ಮುಂತಾದ ಹಳ್ಳಿಗಳ ಜನ ತಾವೇ ಕಟ್ಟಳೆ ಮಾಡಿಕೊಂಡು ಬಲೆ ಸುತ್ತಿಟ್ಟರು. ನಮ್ಮ ಮುಂಬಯಿಯಲ್ಲೇ, ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾದದ್ದು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ಯಾರೂ ಕಾಣದೆ ಉಳಿದಿದ್ದರೆ ಆಗುವ ಮಾತೇ? ಇನ್ನು ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಗುಟ್ಟೆಂಬುದೇ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ, ಊರ ಹೆಸರೇ ಅವುಗಳದು, 2007ರಲ್ಲಿ ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದೆ.

ಒಂದು ಕಡೆ ಹೇಳಿದ್ದರಿಂದ ಉಳಿಯಿತು, ಒಂದು ಕಡೆ ಹೇಳಿದ್ದರಿಂದ ಹಾಳಾಯಿತು. ಭೇದವೇನು? ನಮಗೆ ತೋರುವುದಿಷ್ಟು. ಕೊಕ್ಕರೆಬೆಳ್ಳೂರಿನವರು ಹಕ್ಕಿಯನ್ನು 'ನೋಡಲು' ಬಂದವರಲ್ಲ. ಹಿಕ್ಕೆಯ ನಾತವನ್ನೂ ಹುಣಸೆಹಣ್ಣಿನ ನಷ್ಟವನ್ನೂ ಸಹಿಸಿಕೊಂಡು, ಆ ಹಿಕ್ಕೆಯನ್ನೇ ಗೊಬ್ಬರಕ್ಕೆ ಬಳಸಿಕೊಂಡು ಪಕ್ಕದಲ್ಲಿ ಬಾಳುವವರು. ಗೂಡಿನಿಂದ ಮರಿ ಬಿದ್ದರೆ ಎತ್ತಿ ಸಾಕಿದವರೂ ಅಲ್ಲಿದ್ದಾರೆ. ಪಾಂಗ್ಟಿಯವರು ಬಲೆ ಬಿಟ್ಟಾಗ ಒಂದು ಸಂಪಾದನೆಯನ್ನೇ ಬಿಟ್ಟರು. ತಿಳಿದದ್ದಕ್ಕೆ ಅವರೆಲ್ಲ ಏನನ್ನೋ ತೆತ್ತಿದ್ದಾರೆ. ಹಳ್ಳದ ಬಳಿಯ ನಾವು ಹನ್ನೆರಡು ಜನ ಬಸ್ಸಿನ ಟಿಕೀಟು ಬಿಟ್ಟರೆ ಏನನ್ನೂ ತೆತ್ತಿರಲಿಲ್ಲ.

ಹಾಗೆಂದು, ತೆರಬಲ್ಲವರಿಗೆ ಮಾತ್ರ ಹೇಳುತ್ತೇವೆ ಎಂದು ಬಾಗಿಲು ಹಾಕಿಕೊಂಡರೆ? ಇಲ್ಲಿಗೆ ಬಂದಾಗ ನಮ್ಮ ವಾದ ನಿಂತುಬಿಡುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದೇ ಮುಂಬಯಿಯಲ್ಲಿ ಒಬ್ಬ ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಯಾವ ಜಾತಿಯೆಂದು ತಿಳಿಯದೆ ಸತ್ತ ಹಕ್ಕಿಯನ್ನು ಹಿಡಿದುಕೊಂಡು 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿಯ ಗೌರವ ಕಾರ್ಯದರ್ಶಿ ಮಿಲಾರ್ಡ್ ಸಾಹೇಬರು, ಕೊಂದದ್ದೇಕೆ ಎಂದು ಗದರಲಿಲ್ಲ. ನೀನು ಯಾರ ಮಗ ಎಂದು ಅಳೆಯಲಿಲ್ಲ. ಗುಬ್ಬಿಯ ಹೆಸರು ಹೇಳಿ, ತಮ್ಮಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು, ಪುಸ್ತಕ ಕೊಟ್ಟರು. ಆ ಹುಡುಗ ಸಾಲಿಂ ಅಲಿ. ಅಂದು ಆ ಬಾಗಿಲು ಮುಚ್ಚಿದ್ದರೆ? ನಮ್ಮ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದರ ಹಿಂದೆಯೂ ಅದೇ ಹುಡುಗನ ಮಾತಿದೆ. ಹೊಸಬನನ್ನು ನಂಬುವುದು ಯಾವಾಗಲೂ ಸ್ವಲ್ಪ ಜೂಜೇ. ಕಾಕಾ ನಮ್ಮನ್ನು ನಂಬಿ ಸೋತರು. ಆದರೆ ಆ ಹಳ್ಳಕ್ಕೆ ಕರೆದೊಯ್ಯದಿದ್ದರೆ ಇಂದು ಇದನ್ನೆಲ್ಲ ಯೋಚಿಸುವ ಮನಸ್ಸೇ ನಮಗೆ ಬರುತ್ತಿರಲಿಲ್ಲ. ಹಾಗಾದರೆ ನಮ್ಮ ಪಾಠದ ಶುಲ್ಕವನ್ನು ಕಟ್ಟಿದ್ದು ಆ ಮಿಂಚುಳ್ಳಿ. ಈ ವಾಕ್ಯವನ್ನು ಎಷ್ಟು ಸಲ ತಿದ್ದಿದರೂ ಅದು ನ್ಯಾಯವೆಂದು ಬರೆಯಲು ಬರುತ್ತಿಲ್ಲ.

ಆ ಮೇಲಿನ ಎರಡು ವರ್ಷ ಕಾಕಾ ಪ್ರತಿ ರವಿವಾರ ನಮ್ಮನ್ನು ಕರೆದರು. ಶಿವಡಿಗೆ, ಠಾಣೆ ಖಾಡಿಗೆ, ಬೊರಿವಲಿಯ ಅಭಯಾರಣ್ಯಕ್ಕೆ. ಎಲ್ಲರಿಗೂ ಗೊತ್ತಿರುವ ಜಾಗಗಳಿಗೆ ಮಾತ್ರ. ಪಕ್ಕದಲ್ಲೇ ಕುಳಿತು ಅವಲಕ್ಕಿ ತಿಂದರು, ಹೊಸ ಹಕ್ಕಿಯ ಗುರುತು ಕಲಿಸಿದರು. ಗೂಡಿನ ಮಾತು ಮಾತ್ರ ಎತ್ತಲಿಲ್ಲ. ಮೊದಮೊದಲು ನಮಗೆ ಅವಮಾನವೆನಿಸಿತು. ಬಿಟ್ಟುಬಿಡೋಣ ಎಂದೂ ಅನ್ನಿಸಿತು. ಸ್ನೇಹವೆಂದರೆ ಎಲ್ಲವನ್ನೂ ಹೇಳುವುದು ಎಂದು ತಿಳಿದಿದ್ದವರಿಗೆ, ಹೇಳದೆಯೂ ಇಷ್ಟು ಸ್ನೇಹವಾಗಿರಬಹುದು ಎಂಬುದು ಅರಗಲು ಸಮಯ ಹಿಡಿಯಿತು. ಅವರು ನಮ್ಮಿಂದ ಕಸಿದುಕೊಂಡದ್ದು ಹಕ್ಕಿಯ ವಿಳಾಸವನ್ನು, ತಮ್ಮ ಪಕ್ಕದ ಜಾಗವನ್ನಲ್ಲ. 2018ರ ಜೂನಿನ ಕೊನೆಯಲ್ಲಿ ಒಂದು ಶನಿವಾರ ರಾತ್ರಿ ಫೋನು ಬಂತು. "ನಾಳೆ ಕೊಡೆ ತಗೊಂಡು ಬಾ. ಉದ್ದ ಕಾಲುಚೀಲ ಹಾಕ್ಕೊ, ಇಂಬಳ ಉಂಟು." ಅಷ್ಟೇ. ಎಲ್ಲಿಗೆ ಎಂದು ನಾವು ಕೇಳಲಿಲ್ಲ.

ಈಗ ಕಾಕಾ ಮೆಟ್ಟಿಲು ಇಳಿಯುವುದಿಲ್ಲ, ಮೊಣಕಾಲು. ಅವರಿಗೆ ಗೊತ್ತಿದ್ದ ನಾಲ್ಕು ಹಳ್ಳಗಳ ಪೈಕಿ ಎರಡು ನಮಗೂ ಗೊತ್ತು. ನಮ್ಮ ಸಂಘದ ಸದಸ್ಯರೊಬ್ಬರ ಮಗ, ಹತ್ತೊಂಬತ್ತರ ಹುಡುಗ, ಆರು ತಿಂಗಳಿಂದ ರವಿವಾರ ನಮ್ಮ ಜೊತೆ ಬರುತ್ತಿದ್ದಾನೆ. ಚುರುಕು ಕಣ್ಣು, ಒಳ್ಳೆಯ ನೆನಪು. ಮಾತು ಸ್ವಲ್ಪ ಹೆಚ್ಚು. ಮಿಂಚುಳ್ಳಿಯ ಗೂಡು ತೋರಿಸಿ ಎಂದು ಮೂರು ಸಲ ಕೇಳಿದ್ದಾನೆ. ಕೊರಳಲ್ಲಿ ಅವರಪ್ಪ ಹುಟ್ಟುಹಬ್ಬಕ್ಕೆ ಕೊಡಿಸಿದ ಹೊಸ ಕ್ಯಾಮರಾ. ಮೊನ್ನೆ ಕಾಕಾನ ಮನೆಗೆ ಹೋಗಿ, "ಏನು ಮಾಡಲಿ?" ಎಂದೆವು. ಅವರು ಬಹಳ ಹೊತ್ತು ಕಿಟಕಿಯಾಚೆ ನೋಡಿ, "ನನ್ನ ಕೇಳ್ತೀಯಲ್ಲ ಮಾರಾಯಾ, ನಾನು ನಿನ್ನನ್ನು ಕರಕೊಂಡು ಹೋದವ" ಎಂದು ನಕ್ಕರು.

ಹುಡುಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಬರುವ ರವಿವಾರ ಮಧ್ಯ ರೈಲ್ವೆಯಲ್ಲಿ ಮೆಗಾಬ್ಲಾಕ್ ಇದೆಯಂತೆ. ಒಂದು ವಾರ ಸಿಕ್ಕಿತು.